ಮಂಜ ಬ್ರೂಜ್ ನೋಡಿ ಬಂದದ್ದು

ಬ್ರೂಜ್ ಎಂಬ ಊರನ್ನು ಕಾಣುವ ಮೊದಲೇ ಮಂಜ ಅದನ್ನು ದ್ವೇಷಿಸಲು ಶುರುಮಾಡಿದ್ದ. ಅವನು ಕೆಲಸಕ್ಕಿದ್ದ ಪ್ರವಾಸಿ ಹಡಗು ಬೆಲ್ಜಿಯಂನ ಝೇಬ್ರೂಗೆ ಬಂದರಿಗೆ ಏಳು ಸಲ ಹೋಗಿತ್ತು. ಏಳು ಸಲವೂ ಸಾವಿರಗಟ್ಟಲೆ ಪ್ರಯಾಣಿಕರು ಬೆಳಿಗ್ಗೆ ಬಸ್ಸು ಹತ್ತಿ, ಅರ್ಧ ಗಂಟೆ ದೂರದ ಬ್ರೂಜಿಗೆ ಹೋಗಿ, ಆರೇಳು ನೂರು ವರ್ಷ ಹಳೆಯ ಕಟ್ಟಡಗಳ ಮುಂದೆ ಪಟ ತೆಗೆಸಿಕೊಂಡು, ಸಂಜೆ ಚಾಕಲೇಟು ಪೆಟ್ಟಿಗೆ ಹಿಡಿದು ಮುಖ ಅರಳಿಸಿಕೊಂಡು ಬರುತ್ತಿದ್ದರು. ಏಳು ಸಲವೂ ಮಂಜ ಹಡಗಿನ ಹೊಟ್ಟೆಯೊಳಗೆ, ಕಿಟಕಿಯೇ ಇಲ್ಲದ ಅಡುಗೆಕೋಣೆಯಲ್ಲಿ, ಅವರ ರಾತ್ರಿ ಊಟಕ್ಕೆ ಬಟಾಟೆ ಸುಲಿಯುತ್ತಿದ್ದ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಭೂಗೋಳದಲ್ಲಿ ಇಷ್ಟು ಸಿಕ್ಕಿದ್ದೇ ದೊಡ್ಡದು ಎಂದು ಸುಮ್ಮನಿರಬಹುದಿತ್ತು. ಆದರೆ ಆ ಊರು ಅಷ್ಟಕ್ಕೇ ಬಿಡದೆ ಕುಂದಾಪುರದ ಕೋಡಿಗೆ, ಅವನ ಮನೆಬಾಗಿಲಿಗೇ ಬಂದು ಕೂತಿತು.

ತಂದು ಕೂರಿಸಿದವರು ಭೋಜರಾಜ ಶೆಟ್ರು. ಮುಂಬೈಯಲ್ಲಿ ಮೂರು ಹೋಟೆಲು, ಊರಲ್ಲಿ ಎಕರೆಗಟ್ಟಲೆ ಗದ್ದೆ. ಎರಡು ವರ್ಷದ ಹಿಂದೆ ಹೆಂಡತಿಯ ಜೊತೆ ಯುರೋಪು ತಿರುಗಲು ಹೋದವರು ಒಂದೇ ಒಂದು ದಿನ ಬ್ರೂಜ್ ನೋಡಿ, ಹುಚ್ಚು ಹಿಡಿಸಿಕೊಂಡು ಬಂದರು. ಬಂದವರೇ ಕೋಡಿಯ ಕಡಲ ರಸ್ತೆಯ ಬದಿಯಲ್ಲಿ ‘ಬ್ರೂಜ್ ಪ್ಯಾಲೇಸ್’ ಎಂಬ ಮದುವೆ ಹಾಲ್ ಕಟ್ಟಿಸತೊಡಗಿದರು. ಮುಂಭಾಗದಲ್ಲಿ ಸಾಲಾಗಿ ಐದು ಕೆಂಪಿಟ್ಟಿಗೆಯ ಗೋಡೆ. ಪ್ರತಿ ಗೋಡೆಯ ನೆತ್ತಿಯೂ ಎರಡು ಕಡೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ ನಡುವೆ ಕೂಡುತ್ತದೆ, ಆ ಊರಿನ ಮನೆಗಳ ಹಾಗೆ. ಪಕ್ಕದಲ್ಲಿ ಅರವತ್ತು ಅಡಿಯ ಗಂಟೆಗೋಪುರ. ಸುತ್ತ ಸಿಮೆಂಟಿನ ಕಾಲುವೆ, ಅದರಲ್ಲಿ ಎರಡು ಪ್ಲಾಸ್ಟಿಕ್ ಹಂಸ.

ಈ ಚೆಂದಕ್ಕೆಲ್ಲ ಎದುರಿಗೆ ಇದ್ದದ್ದು ಮಂಜನ ತಾಯಿ ಜಲಜಳ ಒಣಮೀನಿನ ಚಪ್ಪರ. ಇಪ್ಪತ್ತೆರಡು ವರ್ಷದಿಂದ ಅದೇ ಜಾಗದಲ್ಲಿ ಇತ್ತು. ಶೆಟ್ರು ಗಲಾಟೆ ಮಾಡಲಿಲ್ಲ, ಗೂಂಡಾಗಳನ್ನು ಕಳಿಸಲಿಲ್ಲ. ‘ಸ್ವಚ್ಛ ಕೋಡಿ’ ಎಂದು ಒಂದು ಅರ್ಜಿ ಬರೆಸಿ, ಇನ್ನೂರು ಜನರ ಸಹಿ ಹಾಕಿಸಿ, ಕಾನೂನು ಪ್ರಕಾರವೇ ಚಪ್ಪರ ಕೀಳಿಸಿದರು. ಕೀಳಿಸಿದ ದಿನ ತಾವೇ ಬಂದು, ಬುಟ್ಟಿ ಹೊತ್ತು ನಿಂತ ಜಲಜಳಿಗೆ ನಾಲ್ಕು ಜನರ ಎದುರು ಹೇಳಿದರು:

“ಜಲಜಕ್ಕ, ಬೇಜಾರ್ ಮಾಡ್ಕಣ್ಬೇಡ. ಊರ್ ಅಂದ್ರ್ ಕಣ್ಣಿಗ್ ಕಾಣ್ಕ್, ಮೂಗಿಗ್ ಬಪ್ಪುಕಾಗ. ನೀ ಬ್ರೂಜ್ ಕಂಡಿದ್ರ್ ನಿಂಗೂ ಗೊತ್ತಾತಿತ್ತ್.”

ಸುತ್ತ ನಿಂತವರು ನಕ್ಕರು. ಯಾರೋ ವಿಡಿಯೋ ಮಾಡಿದರು. ಆ ವಿಡಿಯೋ ತಿರುಗಿ ತಿರುಗಿ ಮಂಜನಿಗೆ ಸಿಕ್ಕಿದ್ದು, ಬೇಕಂತಲೇ ಎಂಬ ಹಾಗೆ, ಏಳನೇ ಸಲ ಹಡಗು ಝೇಬ್ರೂಗೆಯಲ್ಲಿ ನಿಂತಿದ್ದಾಗ. ಅವನು ಅದನ್ನು ಹದಿನಾಲ್ಕು ಸಲ ನೋಡಿದ. ಹದಿನೈದನೇ ಸಲಕ್ಕೆ ಅವನ ಕೈಯ ಸುಲಿಯುವ ಚೂರಿ ಬಟಾಟೆಯನ್ನು ದಾಟಿ ಬೆರಳಿಗೆ ಇಳಿದಿತ್ತು.

ಮೊದಲ ಮೂರು ದಿನ ಅವನಿಗೆ ತೋಚಿದ್ದೆಲ್ಲ ದಡ್ಡ ಉಪಾಯ. ಶೆಟ್ರಿಗೆ ಹೊಡೆಯುವುದು, ಹಾಲಿನ ಗಾಜು ಒಡೆಯುವುದು, ಬೆಂಕಿ ಹಾಕುವುದು. ಅದೆಲ್ಲ ಸಿಟ್ಟಿನ ಕೆಲಸ, ಸಿಟ್ಟಿನವನು ಸಿಕ್ಕಿಬೀಳುತ್ತಾನೆ. ಮಂಜ ಸಿಕ್ಕಿಬೀಳುವ ಹಾಗೆಯೇ ಇರಲಿಲ್ಲ. ಪ್ರತಿ ಸಲ ಹಡಗು ಹತ್ತುವ ಮೊದಲು ಅವನಿಗೆ ಠಾಣೆಯಿಂದ ‘ಈತನ ಮೇಲೆ ಯಾವ ಕೇಸೂ ಇಲ್ಲ’ ಎಂಬ ಕಾಗದ ಬೇಕು. ಒಂದು ಚಿಲ್ಲರೆ ಕೇಸು ಬಿದ್ದರೂ ಹಡಗು ಹೋಯಿತು. ಹಡಗು ಹೋದರೆ ತಂಗಿ ಮೋಕ್ಷಿತಾಳ ನರ್ಸಿಂಗ್ ಕೋರ್ಸು ಹೋಯಿತು, ಚಪ್ಪರ ಕಳಕೊಂಡ ತಾಯಿ, ಅವನ ಅಬ್ಬಿ, ಬುಟ್ಟಿ ಹೊತ್ತು ಮನೆಮನೆ ತಿರುಗಬೇಕಾಯಿತು.

ನಾಲ್ಕನೇ ದಿನ, ಪಾತ್ರೆ ತೊಳೆಯುವಾಗ, ತಲೆಗೆ ಬೆಳಕು ಬಂತು. ಮೂಗಿಗೆ ಬರುವ ಊರು ಬೇಡ ಎಂದಿದ್ದಾರಲ್ಲ ಶೆಟ್ರು. ಮೂಗಿಗೇ ಬರಲಿ. ಉದ್ಘಾಟನೆಯ ದಿನವೇ ಬರಲಿ. ಮಂಜ ಒಬ್ಬನೇ ನಗತೊಡಗಿದ, ಪಕ್ಕದ ಫಿಲಿಪ್ಪೀನ್ಸಿನವನು ಹೆದರಿ ಎರಡು ಹೆಜ್ಜೆ ಸರಿದ.

ಮೀನು ಯಾವುದು ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ತೊರಕೆ. ಚಾಪೆಯ ಹಾಗೆ ಚಪ್ಪಟೆ ಮೀನು. ಎರಡು ಬೆರಳು ಅಗಲದ ಸಂದಿಯಲ್ಲೂ ತೂರಿಸಬಹುದು. ಐಸಿನಿಂದ ತೆಗೆದ ಮೇಲೆ ಮೇ ತಿಂಗಳ ಸೆಕೆಯಲ್ಲಿ ಸಂಜೆಯ ತನಕ ಸಭ್ಯನ ಹಾಗೆ ಸುಮ್ಮನಿರುತ್ತದೆ. ಬೆಳಗಾಗುವಾಗ ಎದ್ದು ಕೂರುತ್ತದೆ. ಮತ್ತೆ ಆ ವಾಸನೆ ಕೊಳೆತ ಮೀನಿನ ವಾಸನೆಯಷ್ಟೇ ಅಲ್ಲ. ಮೂಗಿನಿಂದ ಏರಿ ಕಣ್ಣಲ್ಲಿ ನೀರು ತರಿಸುವ ಘಾಟು. ಅಬ್ಬಿಯ ಬುಟ್ಟಿಯ ಪಕ್ಕ ಬೆಳೆದವನಿಗೆ ಯಾವ ಮೀನು ಎಷ್ಟು ತಾಸಿಗೆ ಏನು ಮಾಡುತ್ತದೆ ಎಂಬುದು ಮಗ್ಗಿಗಿಂತ ಚೆನ್ನಾಗಿ ಗೊತ್ತಿತ್ತು. ಮಧ್ಯಾಹ್ನ ಇಟ್ಟರೆ ಮರುದಿನ ಹತ್ತು ನಲವತ್ತರ ಮುಹೂರ್ತಕ್ಕೆ ಸರಿಯಾಗಿ ಹದಕ್ಕೆ ಬರುತ್ತದೆ.

ಇನ್ನುಳಿದದ್ದು ಒಂದೇ. ಕೋಡಿಯಲ್ಲಿ ಮೀನು ನಾರಿದರೆ ಎಲ್ಲರೂ ಮೊದಲು ಕೇಳುವುದು ಜಲಜಳ ಮಗ ಎಲ್ಲಿದ್ದ ಎಂದು. ಅದಕ್ಕೆ ಉತ್ತರ ಎಷ್ಟು ಚೆಂದ ಇರಬೇಕೆಂದರೆ, ಕೇಳಿದವರಿಗೆ ಕೇಳಿದ್ದಕ್ಕೇ ನಾಚಿಕೆಯಾಗಬೇಕು. ಜಲಜಳ ಮಗ ಆ ದಿನ ಬ್ರೂಜಿನಲ್ಲಿದ್ದ. ಭೋಜರಾಜ ಶೆಟ್ರ ಅಸಲಿ ಬ್ರೂಜಿನಲ್ಲಿ.

ಹಡಗಿನಲ್ಲಿ ಅವನಿಗೆ ರೋಹನ್ ಎಂಬ ಗೆಳೆಯನಿದ್ದ, ವಂಡ್ಸೆ ಕಡೆಯವನು, ರೂಮು ಚೊಕ್ಕಟ ಮಾಡುವ ಕೆಲಸ. ಅವನಿಗೆ ಬಂದರಿನಲ್ಲಿ ಇಳಿಯಲು ರಜೆ ಸಿಗುತ್ತಿತ್ತು. ಮಂಜ ಅವನ ಹತ್ತಿರ ಅರ್ಧ ಸುಳ್ಳು ಹೇಳಿದ: ತನ್ನ ಕಾಂಟ್ರಾಕ್ಟು ಬೇಗ ಮುಗಿಯುತ್ತದೆ, ಮನೆಯವರಿಗೆ ತಿಳಿಯದ ಹಾಗೆ ಹತ್ತು ದಿನ ಊರಲ್ಲಿ ಒಂದು ಹುಡುಗಿಯ ಹಿಂದೆ ಓಡಾಡಬೇಕು, ಅಷ್ಟು ದಿನ ತಾನು ಹಡಗಿನಲ್ಲೇ ಇದ್ದ ಹಾಗೆ ಕಾಣಬೇಕು.

“ಯಾರ್ ಮಾರಾಯ ಹುಡ್ಗಿ?” ಎಂದು ಕೇಳಿದ ರೋಹನ್.

“ಕೆಂಪಿ. ಎತ್ತರ ಇದ್ದ್. ಸ್ವಲ್ಪ ಗರ್ವ ಜಾಸ್ತಿ.”

“ಸಿಕ್ತ್ಳಾ?”

“ಸಿಕ್ಕ್ರೆ ಊರಿಗೇ ಗೊತ್ತಾತ್ತ್.”

ರೋಹನ್ ಖುಷಿಯಲ್ಲಿ ತನ್ನ ವಂಡ್ಸೆಯ ಬೀಗ ಹಾಕಿದ ಮನೆಯ ಕೀಲಿಕೈ ಕೊಟ್ಟ, ಅಲ್ಲಿದ್ದ ಹಳೇ ಸ್ಕೂಟರಿನದ್ದೂ ಕೊಟ್ಟ. ಮಂಜ ತನ್ನ ನೀಲಿ ಜಾಕೆಟನ್ನೂ ಕೆಂಪು ಟೊಪ್ಪಿಯನ್ನೂ ಅವನಿಗೆ ಕೊಟ್ಟ. ಉದ್ಘಾಟನೆ ಗುರುವಾರ. ಹಡಗು ಝೇಬ್ರೂಗೆಗೆ ಬರುವುದು ಬುಧವಾರ. ಆ ದಿನ ರೋಹನ್ ಅದೇ ಜಾಕೆಟು ಟೊಪ್ಪಿ ಹಾಕಿಕೊಂಡು ಬ್ರೂಜ್ ತಿರುಗಬೇಕು, ಬೆನ್ನು ಮಾತ್ರ ಕಾಣುವ ಹಾಗೆ ಪಟ ತೆಗೆಸಿಕೊಳ್ಳಬೇಕು, ಆಗಿಂದಾಗಲೇ ಕಳಿಸಬೇಕು. ಹಾಗೇ ದಾಟಿಸಿದರೆ ‘ಫಾರ್ವರ್ಡ್’ ಎಂದು ತೋರಿಸುತ್ತದೆಂದು ಮಂಜನಿಗೆ ಗೊತ್ತಿತ್ತು. ಆದ್ದರಿಂದ ಪ್ರತಿ ಪಟವನ್ನೂ ತನ್ನ ಮೊಬೈಲಿನಲ್ಲಿ ಉಳಿಸಿ, ಹೊಸದಾಗಿ ಅಬ್ಬಿಗೆ ಕಳಿಸುವುದು. ಅಲ್ಲಿ ಮಧ್ಯಾಹ್ನವಾದಾಗ ಇಲ್ಲಿ ಮೂರೂವರೆ. ಅದನ್ನೂ ಬರೆದಿಟ್ಟುಕೊಂಡ.

ಮುಂಬೈಯಲ್ಲಿ ವಿಮಾನ ಇಳಿದು, ಊರಿಗೆ ಬಂದದ್ದು ರೈಲಿನಲ್ಲಿ. ಕುಂದಾಪುರದಲ್ಲಿ ಇಳಿದರೆ ನಾಲ್ಕು ಜನ ಗುರುತಿನವರು ಸಿಗುತ್ತಾರೆಂದು ಬೈಂದೂರಿನಲ್ಲೇ ಇಳಿದ. ಮುಖಕ್ಕೆ ಮಾಸ್ಕು. ಅಲ್ಲಿಂದ ರಿಕ್ಷಾದಲ್ಲಿ ವಂಡ್ಸೆ.

ಐದು ದಿನ ಆ ಮನೆಯೊಳಗೆ ಮಂಜ ಓದಿದ. ಶಾಲೆಯಲ್ಲಿ ಸಮಾಜ ವಿಷಯದಲ್ಲಿ ಹನ್ನೊಂದು ಅಂಕ ತೆಗೆದು ಬೆಂಚಿನ ಮೇಲೆ ನಿಂತವನು, ಹಡಗಿನಲ್ಲಿ ಪ್ರಯಾಣಿಕರು ಬಿಸಾಡಿದ್ದ ಬ್ರೂಜಿನ ಕಾಗದಗಳನ್ನೆಲ್ಲ ಹಾಸಿ ಕೂತು, ಅರ್ಥವಾಗದ ಇಂಗ್ಲಿಷನ್ನು ಮೊಬೈಲಿಗೆ ಓದಿಸಿ ಕನ್ನಡ ಮಾಡಿಸಿಕೊಂಡು, ಬಾಯಿಪಾಠ ಮಾಡಿದ. ಗಂಟೆಗೋಪುರಕ್ಕೆ ಮುನ್ನೂರ ಅರವತ್ತಾರು ಮೆಟ್ಟಿಲು. ಎತ್ತರ ಎಂಬತ್ತಮೂರು ಮೀಟರು. ತುದಿಯಲ್ಲಿ ಮೂರಡಿಯಷ್ಟು ವಾಲಿದೆ. ಒಳಗೆ ನಲವತ್ತೇಳು ಗಂಟೆ. ನಗರಸಭೆಯ ಕಟ್ಟಡ ಕಟ್ಟಲು ಶುರುಮಾಡಿದ್ದು ಸಾವಿರದ ಮುನ್ನೂರ ಎಪ್ಪತ್ತಾರರಲ್ಲಿ, ಮುಖದ ತುಂಬ ಕಲ್ಲಿನ ಗೊಂಬೆ. ಮೇರಿಯಮ್ಮನ ಇಗರ್ಜಿಯ ಗೋಪುರ ಬರೀ ಇಟ್ಟಿಗೆಯದು, ನೂರ ಹದಿನೈದು ಮೀಟರು. ಮೊದಲು ಸಿಟ್ಟಿನಿಂದ ಓದಿದ. ಮೂರನೇ ದಿನ ಸಿಟ್ಟು ಮರೆತು ಓದುತ್ತಿದ್ದ. ಕಣ್ಣು ಮುಚ್ಚಿದರೆ ಆ ಊರಿನ ಬೀದಿಯಲ್ಲಿ ಎಡಕ್ಕೆ ತಿರುಗಿ, ಸೇತುವೆ ದಾಟಿ, ನೇರ ಚೌಕಕ್ಕೆ ಬರುತ್ತಿದ್ದ.

ನಾಲ್ಕನೇ ದಿನ ಅವನಿಗೆ ಒಂದು ಚಿನ್ನದಂಥ ವಿಷಯ ಸಿಕ್ಕಿತು. ಬ್ರೂಜಿನ ನಡುಮಧ್ಯದಲ್ಲಿ, ಕಾಲುವೆಯ ದಂಡೆಯಲ್ಲೇ, ಸಾಲುಗಂಬಗಳ ಮೇಲೆ ಮಾಡು ನಿಲ್ಲಿಸಿದ ಒಂದು ಮೀನು ಮಾರ್ಕೆಟು ಇತ್ತು. ಇನ್ನೂರು ವರ್ಷದಿಂದ ಇದೆ. ಕಲ್ಲಿನ ಹಲಗೆಯ ಮೇಲೆ ಈಗಲೂ ಬೆಳಿಗ್ಗೆ ಮೀನು ಮಾರುತ್ತಾರೆ. ಮಂಜ ಎದ್ದು ನಿಂತ. ಗೋಪುರ ತಂದರು, ಗೋಡೆ ತಂದರು, ಹಂಸ ಕೂಡ ತಂದರು ಶೆಟ್ರು. ಮೀನು ಮಾರ್ಕೆಟು ಮಾತ್ರ ಬಿಟ್ಟು ಬಂದರು. ಮರೆತ ಸಿಟ್ಟು ದುಪ್ಪಟ್ಟಾಗಿ ಮರಳಿತು, ಜೊತೆಗೆ ಒಂದು ಥರದ ಸಂತೋಷವೂ ಬಂತು. ಆ ಊರಿಗೆ ಬಾಕಿಯಿದ್ದ ಒಂದು ಕಟ್ಟಡವನ್ನು ತಾನು ಒಳಗೊಳಗೇ ಸೇರಿಸಲು ಹೊರಟಿದ್ದೇನೆ ಎಂದು ಅನ್ನಿಸಿತು.

ಬುಧವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಬ್ರಹ್ಮಾವರಕ್ಕೆ ಹೋಗಿ, ಗುರುತಿಲ್ಲದ ಮೀನಿನ ಹೆಂಗಸಿನ ಹತ್ತಿರ ಚೌಕಾಸಿ ಮಾಡದೆ ಮೂರು ತೊರಕೆ ತೆಗೆದುಕೊಂಡ.

“ಮದಿ ಮನ್ಯಾ ಮಗಾ?” ಎಂದಳು ಅವಳು, ಮದುವೆ ಊಟಕ್ಕೆಂದು ತಿಳಿದು.

“ಮದಿ ಹಾಲಿಗೆ,” ಎಂದ ಮಂಜ. ಅದು ಆ ದಿನ ಅವನು ಆಡಿದ ಒಂದೇ ನಿಜ.

ಮೀನನ್ನು ಸುರುಳಿ ಸುತ್ತಿ, ಐಸು ಹಾಕಿ, ಇಪ್ಪತ್ತು ಲೀಟರಿನ ಎರಡು ಖಾಲಿ ಪೈಂಟ್ ಡಬ್ಬಗಳಿಗೆ ತುಂಬಿದ. ಮೈಗೆ ಪೈಂಟಿನ ಕಲೆಯ ಅಂಗಿ, ತಲೆಗೆ ಹಳದಿ ಹೆಲ್ಮೆಟ್ಟು, ಮುಖಕ್ಕೆ ಧೂಳಿನ ಮಾಸ್ಕು. ಉದ್ಘಾಟನೆಯ ಹಿಂದಿನ ದಿನ ಒಂದು ಹಾಲಿನಲ್ಲಿ ಯಾರು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಹೂವಿನವರು, ಲೈಟಿನವರು, ಮೈಕಿನವರು, ಕುರ್ಚಿಯವರು; ಒಬ್ಬರಿಗೊಬ್ಬರು ‘ಹ್ವಾಯ್, ಸರೀನಿ’ ಎಂದು ದೂಡಿಕೊಂಡು ಓಡಾಡುತ್ತಾರೆ. ಕೈಯಲ್ಲಿ ಪೈಂಟ್ ಡಬ್ಬ ಇದ್ದರಂತೂ ಜನ ತಾವೇ ಬಟ್ಟೆ ಎತ್ತಿಕೊಂಡು ದಾರಿ ಬಿಡುತ್ತಾರೆ. ಹನ್ನೆರಡೂವರೆಗೆ ಅಬ್ಬಿಗೆ ಒಂದು ಸಂದೇಶ ಒತ್ತಿದ: ಇವತ್ತು ರಜೆ ಸಿಕ್ಕಿದೆ, ಬ್ರೂಜಿಗೆ ಹೋಗುವ ಬಸ್ಸಿನಲ್ಲಿದ್ದೇನೆ. ಒತ್ತಿ, ಶೆಟ್ರ ಬ್ರೂಜಿನ ಮುಂಬಾಗಿಲಿನಿಂದಲೇ ಒಳಗೆ ಹೋದ. ಶೆಟ್ರೇ ಬಾಗಿಲಲ್ಲಿ ನಿಂತಿದ್ದರು.

“ಹ್ವಾಯ್, ಪೈಂಟ್ ಇನ್ನೂ ಮುಗೀಲ್ಯಾ?”

ಮಂಜ ಮಾಸ್ಕಿನೊಳಗಿಂದ, ಹಿಂದಿಯವನ ಹಾಗೆ, “ಟಚಪ್ ಸಾಬ್,” ಎಂದ.

“ಸಂಜಿ ಒಳ್ಗೆ ಮುಗ್ಸ್ಕ್. ನಾಳೆ ಪೈಂಟ್ ವಾಸ್ನಿ ಬಂದ್ರೆ ನಾ ಬಿಡೂದಿಲ್ಲ,” ಎಂದರು ಶೆಟ್ರು.

ಪೈಂಟಿನ ವಾಸನೆ ಬರುವುದಿಲ್ಲ ಎಂದು ಮಂಜ ಮನಸ್ಸಿನಲ್ಲೇ ಮಾತು ಕೊಟ್ಟ.

ಮೊದಲ ತೊರಕೆ ಊಟದ ಹಾಲಿನ ಸೀಲಿಂಗಿನ ಮೇಲೆ, ಎಸಿಯ ಗಾಳಿ ಹೊರಡುವ ಬಾಯಿಯ ಪಕ್ಕ. ಎರಡನೆಯದು ವೇದಿಕೆಯ ಹಿಂದೆ ಅಲಂಕಾರಕ್ಕೆ ನಿಲ್ಲಿಸಿದ್ದ ಪ್ಲೈವುಡ್ಡಿನ ಮೆಟ್ಟಿಲುಗೋಡೆಯ ಸಂದಿಯಲ್ಲಿ, ವಧೂವರರು ಕೂರುವ ಕುರ್ಚಿಗೆ ಒಂದೂವರೆ ಅಡಿ ಹಿಂದೆ. ಮೂರನೆಯದಿದ್ದ ಡಬ್ಬವನ್ನು ಹೆಗಲಿಗೆ ಹಾಕಿಕೊಂಡು ಗಂಟೆಗೋಪುರ ಹತ್ತಿದ. ಒಳಗೆ ಮುನ್ನೂರ ಅರವತ್ತಾರು ಮೆಟ್ಟಿಲು ಇರಲಿಲ್ಲ, ಒಂದು ಕಬ್ಬಿಣದ ಏಣಿ ಇತ್ತು. ತುದಿಯಲ್ಲಿ ಗಂಟೆಯೂ ಇರಲಿಲ್ಲ, ಗಂಟೆಯ ಸದ್ದು ಹೊರಡಿಸುವ ಒಂದು ಸ್ಪೀಕರು ಇತ್ತು. ಸ್ಪೀಕರಿನ ಹಿಂದೆ ಮೀನು ತೂರಿಸಿ ಕೈ ಒರೆಸುವಾಗ ಕಿಸೆಯ ಮೊಬೈಲು ಗುಂಯ್‌ಗುಟ್ಟಿತು. ರೋಹನ್ ಕಳಿಸಿದ ಮೊದಲ ಪಟ. ನೀಲಿ ಜಾಕೆಟು, ಕೆಂಪು ಟೊಪ್ಪಿ, ಮತ್ತೆ ಅವನ ತಲೆಯ ಮೇಲೆ, ಮೋಡಕ್ಕೆ ಮೂಗು ತಾಗಿಸಿ ನಿಂತ ನಿಜವಾದ ಗಂಟೆಗೋಪುರ.

ಮಂಜ ಏಣಿಯ ಮೇಲೆ ನಿಂತೇ ಅದನ್ನು ನೋಡಿದ. ಕೆಳಗೆ ಕೋಡಿಯ ಕಡಲು, ದೀಪಸ್ತಂಭ, ಪ್ಲಾಸ್ಟಿಕ್ ಹಂಸ. ಒಬ್ಬ ಮನುಷ್ಯ ಒಂದೇ ಹೊತ್ತಿಗೆ ಎರಡು ಬ್ರೂಜುಗಳ ಗೋಪುರದಲ್ಲಿ ನಿಂತದ್ದು ಲೋಕದಲ್ಲಿ ಇದೇ ಮೊದಲಿರಬೇಕು. ತಲೆ ಗಿರ್ರೆಂದಿತು, ಎತ್ತರಕ್ಕೋ ಖುಷಿಗೋ ತಿಳಿಯಲಿಲ್ಲ. ಪಟ ಉಳಿಸಿ ಅಬ್ಬಿಗೆ ಕಳಿಸಿ, ಖಾಲಿ ಡಬ್ಬ ಬಡಿಯುತ್ತ ಏಣಿ ಇಳಿದ.

ಗುರುವಾರ ಹತ್ತು ನಲವತ್ತಕ್ಕೆ ಅವನು ವಂಡ್ಸೆಯ ಮನೆಯಲ್ಲಿ ಚಾಪೆಯ ಮೇಲೆ ಕೂತು ಕುಚ್ಚಲಕ್ಕಿ ಗಂಜಿ ಉಣ್ಣುತ್ತಿದ್ದ. ಹನ್ನೊಂದಕ್ಕೆ ವಿಡಿಯೋಗಳು ಬರತೊಡಗಿದವು. ಮೊದಲನೆಯದರಲ್ಲಿ ಜನ ಒಬ್ಬರನ್ನೊಬ್ಬರು ಸಂಶಯದಿಂದ ನೋಡುತ್ತಿದ್ದರು. ಎರಡನೆಯದರಲ್ಲಿ ರೇಷ್ಮೆ ಸೀರೆಯ ಸೆರಗುಗಳೆಲ್ಲ ಮೂಗಿಗೆ ಏರಿದ್ದವು. ಮೂರನೆಯದರಲ್ಲಿ ಭಟ್ರು ಮಂತ್ರಕ್ಕೆ ಬಾಯಿ ತೆರೆದು, ಉಸಿರು ಒಳಗೆ ಹೋದದ್ದೇ, ಹೋಮಕುಂಡ ದಾಟಿ ಹೊರಗೆ ನಡೆದರು. ಶೆಟ್ರು ಎಸಿ ಜೋರು ಮಾಡಿಸಿದರು. ಅದು ಮಂಜ ಊಹಿಸಿದ್ದಕ್ಕಿಂತ ದೊಡ್ಡ ಉಪಕಾರ. ಎರಡೇ ನಿಮಿಷದಲ್ಲಿ ಊಟದ ಹಾಲು ಖಾಲಿ. ಬಾಳೆಎಲೆಯ ಮೇಲೆ ಹೋಳಿಗೆಗಳು ಒಂಟಿಯಾಗಿ ಕೂತಿದ್ದವು. ಮಂಜ ಚಾಪೆಯ ಮೇಲೆ ಹೊರಳಾಡಿ ನಕ್ಕು, ಗಂಜಿ ನೆತ್ತಿಗೇರಿ, ಸತ್ತೇಹೋಗುತ್ತಿದ್ದ.

ಸಂಜೆ ಅಬ್ಬಿಯ ದನಿ ಬಂತು, ವಾಟ್ಸಾಪಿನಲ್ಲಿ, ಎರಡೂವರೆ ನಿಮಿಷ.

“ಮಗಾ, ಇವತ್ತ್ ಎಂತ ಆಯ್ತ್ ಗೊತ್ತಿತ್ತಾ? ಶೆಟ್ರ್ ಹಾಲ್ ಒಳ್ಗೆ ತೊರ್ಕಿ ಇಟ್ಟಿದ್ರಂಬ್ರ್ ಯಾರೋ. ಆ ಹೆಡ್ ಕಾನ್‌ಸ್ಟೇಬಲ್ ಚಂದಯ್ಯ ನಮ್ಮನಿಗ್ ಬಂದ್, ನಿನ್ ಮಗ ಎಲ್ಲಿದ್ದ ಅಂತ ಕೇಂಡ. ನಾ ನಿನ್ ಪಟ ತೋರ್ಸ್ದೆ. ಇಷ್ಟ್ ಚಂದ ಊರಲ್ಲಿ ತಿರ್ಗುವವ ಇಲ್ ಬಂದ್ ತೊರ್ಕಿ ತುರ್ಕ್ತ್ನಾ ಅಂದೆ. ಅವ ಟೊಪ್ಪಿ ತೆಗ್ದ್ ತಲಿ ಕೆರ್ಕಂಡ. ಅದ್ ಹೋಯ್ಲಿ, ನೀ ಚಳಿಗ್ ಕಿವಿ ಮುಚ್ಕಂಡಿದ್ಯಾ?”

ಸೋಮವಾರ ಮಂಜ ಎಲ್ಲರಿಗೂ ಕಾಣುವ ಹಾಗೆ ಊರಿಗೆ ಬಂದ. ವಂಡ್ಸೆಯಿಂದ ಬೈಂದೂರಿಗೆ ಹೋಗಿ, ಅಲ್ಲಿ ಮುಂಬೈಯಿಂದ ಬರುವ ಬಸ್ಸು ಹತ್ತಿ, ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ದೊಡ್ಡ ಸೂಟ್‌ಕೇಸು ಇಳಿಸಿ, ಮೈಮುರಿದು, ದೂರದಿಂದ ಬಂದವನ ಹಾಗೆ ಆಕಳಿಸಿದ. ಹಡಗಿನ ಅಂಗಡಿಯಲ್ಲಿ ಕೊಂಡಿದ್ದ ಬೆಲ್ಜಿಯಂ ಚಾಕಲೇಟು ಬೀದಿಗೆಲ್ಲ ಹಂಚಿದ.

ಮರುದಿನವೇ ಭೋಜರಾಜ ಶೆಟ್ರಿಂದ ಕರೆ ಬಂತು. ಹೆದರುವ ಕರೆಯಲ್ಲ. ಊರಲ್ಲಿ ಬ್ರೂಜ್ ಕಂಡವರು ತಾವು ಗಂಡಹೆಂಡಿರು ಇಬ್ಬರೇ ಎಂದು ಎರಡು ವರ್ಷದಿಂದ ಒಬ್ಬರೇ ಅದನ್ನು ಮಾತಾಡಿ ಮಾತಾಡಿ ಸೋತಿದ್ದ ಶೆಟ್ರಿಗೆ, ಮೂರನೆಯವನೊಬ್ಬ ಸಿಕ್ಕಿದ್ದ. ಹೋಗದಿದ್ದರೂ ನಡೆಯುತ್ತಿತ್ತು. ಆದರೆ ಐದು ದಿನ ಕಲಿತದ್ದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಮಂಜನಿಗೆ ಇರಲಾಗುತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನು ಒಂದು ಪರೀಕ್ಷೆಗೆ ಓದಿದ್ದ; ಪರೀಕ್ಷೆ ಬರೆಯದೆ ಹೋಗುವುದು ಹೇಗೆ?

ಶೆಟ್ರ ಮನೆಯ ಜಗಲಿಯಲ್ಲಿ ಚಂದಯ್ಯನೂ ಕೂತಿದ್ದ, ತೊರಕೆ ಕೇಸಿನ ಮಾತಿಗೆಂದು ಬಂದವನು. ಮಂಜನಿಗೆ ಇನ್ನೂ ಖುಷಿಯಾಯಿತು.

“ಹ್ವಾಯ್ ಮಂಜ, ಬಾ, ಕೂಕೋ,” ಎಂದರು ಶೆಟ್ರು. “ಗೋಪುರ ಹತ್ತ್ಯಾ?”

“ಹತ್ದೆ ಶೆಟ್ರೆ. ಮುನ್ನೂರ್ ಅರ್ವತ್ತಾರ್ ಮೆಟ್ಲ್. ಕೊನಿಕೊನಿಗೆ ಎಷ್ಟ್ ಸಪೂರ ಅಂದ್ರ್, ಚಂದಯ್ಯಣ್ಣ ಆದ್ರೆ ನಡೂಗ್ ಸಿಕ್ಕಿ ಬೀಳ್ತಿದ್ರ್.”

ಶೆಟ್ರು ತೊಡೆ ತಟ್ಟಿ ನಕ್ಕರು. ಚಂದಯ್ಯ ಹೊಟ್ಟೆ ಒಳಗೆಳೆದುಕೊಂಡು, ಮಂಜ ತಂದಿದ್ದ ಚಾಕಲೇಟಿನಲ್ಲಿ ಇನ್ನೊಂದನ್ನು ಬಾಯಿಗೆ ಹಾಕಿದ. ಒಳಗಿಂದ ಶೆಟ್ರ ಹೆಂಡತಿ ಕುಸುಮಾವತಿ ಬಿಸಿ ಗೋಳಿಬಜೆಯ ತಟ್ಟೆ ತಂದಿಟ್ಟು, ಬಾಗಿಲಿಗೆ ಒರಗಿ ನಿಂತು ಕೇಳತೊಡಗಿದರು. ಮಂಜ ಹೇಳಿದ. ಇಟ್ಟಿಗೆಯ ಇಗರ್ಜಿ ಹೇಳಿದ, ಕಲ್ಲಿನ ಗೊಂಬೆ ಹೇಳಿದ, ಸುಣ್ಣ ಬಳಿದ ಸಾಲುಮನೆಗಳ ಅಂಗಳದ ಮರಗಳನ್ನು ಹೇಳಿದ. ಶೆಟ್ರ ಕಣ್ಣು ಮಗುವಿನ ಕಣ್ಣಾಯಿತು. ಆಗ ಮಂಜ ತನ್ನ ಚಿನ್ನವನ್ನು ತೆಗೆದ.

“ಶೆಟ್ರೆ, ನೀವ್ ಆ ಮೀನ್ ಮಾರ್ಕೆಟ್ ಕಂಡಿದ್ರಿಯಾ?”

“ಮೀನ್ ಮಾರ್ಕೆಟಾ? ಬ್ರೂಜಲ್ಲಾ?”

“ಊರ್ ಮಧ್ಯದಲ್ಲೇ ಶೆಟ್ರೆ. ಸಾಲ್ ಕಂಬ, ಕಲ್ಲಿನ್ ಹಲ್ಗೆ. ಇನ್ನೂರ್ ವರ್ಷದ್ದ್. ಅದ್ರ್ ಎದುರೇ ಜನ ಕೂಕಂಡ್ ಕಾಫಿ ಕುಡಿತ್ರ್. ಯಾರೂ ಮೂಗ್ ಮುಚ್ಕಂತಿಲ್ಲ.”

ಶೆಟ್ರು ತಮ್ಮ ಕಾಲಿನ ಹೆಬ್ಬೆರಳು ನೋಡಿದರು. ಆಮೇಲೆ ಅವರ ಬಾಯಿಂದ ಬಂದದ್ದನ್ನು ಮಂಜ ಯಾವ ಯೋಜನೆಯಲ್ಲೂ ಬರೆದಿರಲಿಲ್ಲ.

“ಅಂದ್ರೆ ನಮ್ಮದ್ ಅರ್ಧ ಬ್ರೂಜ್ ಆಯ್ತಲ್ಲ ಮಾರಾಯ,” ಎಂದರು. “ಗೇಟಿನ್ ಬದಿಗೆ ಎಂಟ್ ಕಂಬ ಹಾಕ್ಸ್ವ. ಮಾಡ್ ಮಾಡ್ಸ್ವ. ಮೊದ್ಲಿನ್ ಕಟ್ಟೆ ಜಲಜಕ್ಕಂಗೆ. ನಾ ಅವತ್ತ್ ಅವ್ಳಿಗ್ ಹಂಗ್ ಹೇಳ್ದದ್ ತಪ್ಪಾಯ್ತ್.”

ಮಂಜನ ಕಿವಿಯೊಳಗೆ ನಲವತ್ತೇಳು ಗಂಟೆಗಳೂ ಒಟ್ಟಿಗೆ ಹೊಡೆದವು. ಸೇಡು ತೀರಿತ್ತು, ತನ್ನ ಮೇಲೆ ಕೇಸು ಇರಲಿಲ್ಲ, ಹಡಗು ಉಳಿದಿತ್ತು, ಈಗ ಅಬ್ಬಿಗೆ ಕಂಬದ ಮಾರ್ಕೆಟು. ಅಲ್ಲಿಗೆ ಎದ್ದು ಬಂದಿದ್ದರೆ ಆಗಿತ್ತು. ಆದರೆ ಇಷ್ಟು ಕೊಟ್ಟ ಜನಕ್ಕೆ ಕಾಗದದಲ್ಲಿ ಓದಿದ್ದನ್ನಷ್ಟೇ ಹೇಳಿ ಹೋಗುವುದು ಅವನಿಗೆ ಸರಿ ಕಾಣಲಿಲ್ಲ. ತನ್ನ ಸ್ವಂತದ್ದೊಂದು ಕೊಡಬೇಕೆನ್ನಿಸಿತು. ಝೇಬ್ರೂಗೆಯಲ್ಲಿ ಕೆಲಸದ ಬಿಡುವಿಗೆ ಹಡಗಿನ ಕಟಾಂಜನಕ್ಕೆ ಒರಗಿ, ಬಂದರಿನ ಗೋಡೆಯಲ್ಲಿ ಕಡಲ ನೀರು ಭರ್ತಕ್ಕೆ ಆಳೆತ್ತರ ಏರಿ ಇಳ್ತಕ್ಕೆ ಇಳಿಯುವುದನ್ನು ಎಷ್ಟೋ ಸಲ ನೋಡಿದ್ದ. ಅಲ್ಲಿಂದ ಬ್ರೂಜ್ ಎಷ್ಟು ದೂರ, ಕಡಲಿನಿಂದ ನಮ್ಮ ಹೊಳೆಯ ಒಳಗಿನ ಊರುಗಳಷ್ಟೇ. ಅಲ್ಲಿಯ ಕಾಲುವೆಗೂ ಇಳ್ತ ಹಿಡಿಯದೆ ಇರುತ್ತದೆಯೇ?

“ಸಂಜಿ ಮಾತ್ರ ನಂಗ್ ಊರಿನ್ ನೆನಪಾಯ್ತ್ ಶೆಟ್ರೆ,” ಎಂದ, ದನಿ ಇಳಿಸಿ. “ಕಾಲ್ವೆ ಮೆಟ್ಲ್ ಮೇಲೆ ಒಬ್ನೇ ಕೂಕಂಡಿದ್ದೆ. ಇಳ್ತ ಹಿಡಿತ್. ನೀರ್ ಹಿಂಗೇ ನಿಧಾನಕ್ಕೆ ಇಳ್ದ್, ಇಟ್ಗಿ ಗೋಡಿ ಮೇಲೆ ಒದ್ದಿ ಗೆರಿ ಉಳೀತ್. ದೋಣಿ ಎಲ್ಲ ಕೆಸ್ರ್ ಮೇಲೆ ಕೂತ್ಕಂಡೊ. ಆ ಕೆಸ್ರಿನ್ ವಾಸ್ನಿ ಬಂತ್ ಕಾಣಿ, ಸೀದಾ ನಮ್ಮ ಕೋಡಿ ಅಳ್ವೆದ್ದೇ. ನಂಗ್ ಅಳುವೇ ಬಂತ್.”

ಶೆಟ್ರು ಕಣ್ಣು ಒರೆಸಿಕೊಂಡರು. ಚಂದಯ್ಯ ಕೂಡ ಜಗಿಯುತ್ತಲೇ ತಲೆಯಾಡಿಸಿದ. ಬಾಗಿಲಿನಲ್ಲಿ ನಿಂತ ಕುಸುಮಾವತಿ ಮೊದಲ ಸಲ ಮಾತಾಡಿದರು.

“ಎಷ್ಟ್ ಗಂಟಿಗ್ ಇಳ್ತ ಹಿಡಿತ್ ಮಗಾ?”

“ನಾಕ್ ಗಂಟಿ ಆಯಿಕ್ಕ್ ಕುಸುಮಕ್ಕ,” ಎಂದ ಮಂಜ, ಗೋಳಿಬಜೆ ಮುರಿಯುತ್ತ.

“ನಾ ಹುಟ್ಟಿದ್ ಗುಲ್ವಾಡಿ ಹೊಳಿ ಬದಿಲ್ ಅಲ್ದಾ ಮಗಾ,” ಎಂದರು ಕುಸುಮಾವತಿ, ಜಗಳವಿಲ್ಲದ, ಬರೀ ಆಶ್ಚರ್ಯದ ದನಿಯಲ್ಲಿ. “ನೀರ್ ಕಂಡ್ರೆ ಮೊದ್ಲ್ ನಾ ಕಾಂಬ್ದೇ ಭರ್ತ ಇಳ್ತ. ಇವ್ರ್ ಗೋಪುರ ಕಾಂತ್ ಇದ್ರೆ ನಾ ಇಡೀ ದಿನ ಆ ಕಾಲ್ವೆ ಗೋಡಿ ಕಾಂತ್ ಇದ್ದಿದ್ದೆ. ನೀರ್ ಬೆಳಿಗ್ಗೆ ಎಲ್ಲಿತ್ತೋ ಸಂಜಿಗೂ ಅಲ್ಲೇ. ಒದ್ದಿ ಗೆರಿಯೇ ಇಲ್ಲೆ. ಕಡೀಗ್ ದೋಣಿಯವ್ನ್ ಹತ್ರ ಕೇಂಡ್ಸ್ದೆ, ಭರ್ತ ಯಾವಾಗ ಅಂತ. ಅವ ನೆಗ್ಯಾಡ್ದ. ಇಲ್ಲಿಗ್ ಸಮುದ್ರ ಬಪ್ದ್ ನಿಂತ್ ಐನೂರ್ ವರ್ಷ ಆಯ್ತ್ ಅಂಬ್ರ್. ಅಳ್ವೆ ಹೂಳ್ ತುಂಬಿ ಹಡಗ್ ಬಪ್ದೇ ನಿಂತ್, ವ್ಯಾಪಾರ ಹೋಯ್, ಹೊಸ ಮನಿ ಕಟ್ಟುಕ್ ಯಾರ ಹತ್ರೂ ದುಡ್ಡಿಲ್ದೆ, ಹಳೀ ಕಟ್ಟಡ ಎಲ್ಲ ಹಂಗೇ ಉಳ್ದದ್ ಅಂಬ್ರ್. ಈಗ ನೀರಿಗ್ ಬಾಗ್ಲ್ ಹಾಕಿ ಇಟ್ಟಿದ್ರ್, ಒಂದ್ ಬೆರಳೂ ಏರ್ತಿಲ್ಲ, ಇಳೀತಿಲ್ಲ. ನೀ ಕಂಡ ಇಳ್ತ ಯಾವ್ ಊರಿಂದ್ ಮಗಾ?” ಚಂದಯ್ಯ ಬಾಯಲ್ಲಿದ್ದ ಚಾಕಲೇಟನ್ನು ನಿಧಾನಕ್ಕೆ ನುಂಗಿ, ಬೆರಳು ಒರೆಸಿಕೊಂಡು, “ಮಂಜ, ನಿನ್ ಪಾಸ್‌ಪೋರ್ಟ್ ಮನಿಲ್ ಇತ್ತಲ್ದಾ? ನೀ ಊರಿಗ್ ಬಂದ್ ಇಳ್ದ ತಾರೀಕಿನ್ ಸೀಲ್ ಒಂದ್ ಕಂಡ್ಕಂಡ್ ಬಪ್ಪ, ನಡಿ,” ಎಂದ.